ಕನ್ನಡಿಗೆ ಎಡ-ಬಲ ಗೊತ್ತಿಲ್ಲ

ಈ ತಿಂಗಳ ಪ್ರಶ್ನೆ ಹೈದರಾಬಾದಿನಿಂದ ಬಂದಿದೆ. ಕೇಳಿದವಳು ಆರು ವರ್ಷದ ಹುಡುಗಿ, ಬರೆದು ಕಳಿಸಿದವರು ಅವಳ ಅಪ್ಪ. “ಕನ್ನಡಿ ನನ್ನ ಎಡಗೈಯನ್ನು ಬಲಗೈ ಮಾಡುತ್ತೆ. ಹಾಗಾದ್ರೆ ತಲೆ ಕೆಳಗೆ, ಕಾಲು ಮೇಲೆ ಯಾಕೆ ಮಾಡಲ್ಲ?” ಅಪ್ಪನ ಪತ್ರದಲ್ಲಿ ಇನ್ನೆರಡು ಸಾಲುಗಳೂ ಇವೆ: “ನಾನು ಇಂಜಿನಿಯರ್. ಇಂಗ್ಲಿಷಿನಲ್ಲಿ ಏನಾದರೊಂದು ದೊಡ್ಡ ಪದ ಹೇಳಿ ಪಾರಾಗಬಹುದಿತ್ತು. ಮಗಳಿಗೆ ಕನ್ನಡದಲ್ಲಿ ಹೇಳಲು ಹೊರಟಾಗ ನನಗೇ ಉತ್ತರ ಗೊತ್ತಿಲ್ಲ ಅನ್ನುವುದು ತಿಳಿಯಿತು.”

ಈ ಮಾತು ನನಗೆ ಬಹಳ ಹಿಡಿಸಿತು. ಮುಂಬಯಿಯ ಶಾಲೆಗಳಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ‘ಲ್ಯಾಟರಲ್ ಇನ್ವರ್ಶನ್’ ಎಂದು ಬರೆದರೆ ಪರೀಕ್ಷೆಯಲ್ಲಿ ಒಂದು ಅಂಕ ಸಿಗುತ್ತದೆ. ಆದರೆ ಅದು ಉತ್ತರವಲ್ಲ, ಪ್ರಶ್ನೆಗೇ ಇಟ್ಟ ಇನ್ನೊಂದು ಹೆಸರು. ಚಿಕ್ಕ ಮಗುವಿಗೆ ಮನೆಮಾತಿನಲ್ಲಿ ಹೇಳಹೊರಟಾಗ ಇಂಥ ಹೆಸರುಗಳ ಹಿಂದೆ ಅಡಗಿಕೊಳ್ಳಲು ಆಗುವುದಿಲ್ಲ. ಮನೆಮಾತಿನ ದೊಡ್ಡ ಉಪಕಾರವೇ ಅದು.

ಈ ಅಂಕಣದ ನಿಯಮ ನಿಮಗೆಲ್ಲ ಗೊತ್ತು. ಮೊದಲು ಮಾಡಿ ನೋಡುವುದು, ಆಮೇಲೆ ಹೆಸರಿಡುವುದು. ಇವತ್ತು ಬೇಕಾದ ಸಾಮಾನುಗಳು: ಒಂದು ಚಪ್ಪಟೆ ಕನ್ನಡಿ, ರಬ್ಬರ್ ಚೆಂಡು, ಬಾಚಣಿಗೆ, ಮೊಬೈಲಿನ ಟಾರ್ಚು, ತಿಂಡಿ ಕಟ್ಟುವ ಅಲ್ಯೂಮಿನಿಯಂ ಫಾಯಿಲ್, ಆಚೆ ಬದಿ ಕಾಣುವಂಥ ಪ್ಲಾಸ್ಟಿಕ್ ಹಾಳೆ, ಸ್ಟೀಲಿನ ಚಮಚ. ಕನ್ನಡ ಓದಲು ಬಾರದ ಮಕ್ಕಳಿಗೆ ದೊಡ್ಡವರು ಓದಿ ಹೇಳಿ. ಸಮಯವಿಲ್ಲದವರು ನಡುವಿನ ಭಾಗ ಬಿಟ್ಟರೂ ‘ಎರಡು ಕಡೆಯ ರಸ್ತೆ’ ಎಂಬ ಭಾಗವನ್ನು ಬಿಡಬೇಡಿ. ಅದು ನಮ್ಮ ನಮ್ಮ ಸೊಸೈಟಿಗಳ ಪಾರ್ಕಿಂಗಿನಲ್ಲಿ ಆಡುವ ಮಕ್ಕಳ ಜೀವಕ್ಕೆ ಸಂಬಂಧಪಟ್ಟದ್ದು.

ಚೆಂಡು ಮತ್ತು ಗೋಡೆ

ಮಕ್ಕಳೇ, ಕಣ್ಣಿಂದ ಏನೋ ಹೊರಟುಹೋಗಿ ವಸ್ತುವನ್ನು ಮುಟ್ಟಿ ಬರುವುದಿಲ್ಲ. ವಸ್ತುವಿನಿಂದ ಬೆಳಕು ಹೊರಟು ನಮ್ಮ ಕಣ್ಣಿಗೆ ಬಂದರೆ ಅದು ನಮಗೆ ಕಾಣುತ್ತದೆ. ದೀಪಕ್ಕೆ ತನ್ನದೇ ಬೆಳಕಿದೆ. ನಿಮ್ಮ ಮೂಗಿಗೆ ಇಲ್ಲ. ದೀಪದ ಬೆಳಕು ಅಥವಾ ಬಿಸಿಲು ಮೂಗಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು ಅಮ್ಮನ ಕಣ್ಣಿಗೆ ಹೋಗುತ್ತದೆ. ಅದಕ್ಕೇ ಅಮ್ಮನಿಗೆ ನಿಮ್ಮ ಮೂಗು ಕಾಣುತ್ತದೆ. ಕತ್ತಲೆಯಲ್ಲಿ ಪುಟಿಯಲು ಬೆಳಕೇ ಇಲ್ಲ, ಹಾಗಾಗಿ ಮೂಗೂ ಕಾಣುವುದಿಲ್ಲ.

ಈಗ ಚೆಂಡು ತೆಗೆದುಕೊಂಡು ಗೋಡೆಯ ಎದುರು ಕೂತುಕೊಳ್ಳಿ. ನೆಲದ ಮೇಲೆ ಚೆಂಡನ್ನು ನೇರವಾಗಿ ಗೋಡೆಗೆ ಉರುಳಿಸಿ. ನೇರವಾಗಿ ನಿಮ್ಮ ಕೈಗೇ ಬರುತ್ತದೆ. ಈಗ ಓರೆಯಾಗಿ ಉರುಳಿಸಿ. ನಿಮ್ಮ ಕಡೆ ಬರದೆ, ಅಷ್ಟೇ ಓರೆಯಾಗಿ ಆಚೆ ಬದಿಗೆ ಹೋಗುತ್ತದೆ. ಅಲ್ಲಿ ತಂಗಿಯನ್ನೋ ಅಣ್ಣನನ್ನೋ ಕೂರಿಸಿದರೆ ಅವರ ಕೈಗೆ ಸಿಗುತ್ತದೆ. ಕೇರಮ್ ಆಡಿದವರಿಗೆ ಇದು ಚೆನ್ನಾಗಿ ಗೊತ್ತು.

ಬೆಳಕೂ ಕನ್ನಡಿಯ ಮೇಲೆ ಹೀಗೇ ನಡೆದುಕೊಳ್ಳುತ್ತದೆ. ಕಣ್ಣಾರೆ ನೋಡಬೇಕೇ? ರಾತ್ರಿ ಕೋಣೆಯ ದೀಪ ಆರಿಸಿ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಬಾಚಣಿಗೆಯನ್ನು ಹಲ್ಲು ಕೆಳಗಾಗಿ ನಿಲ್ಲಿಸಿ ಹಿಡಿಯಿರಿ. ಅದರ ಹಿಂದೆ ಹಾಳೆಗೆ ತಾಗುವಂತೆ ಮೊಬೈಲಿನ ಟಾರ್ಚು ಹಿಡಿಯಿರಿ. ಹಾಳೆಯ ಮೇಲೆ ಬೆಳಕಿನ ಗೆರೆಗಳು ಮೂಡುತ್ತವೆ. ಆ ಗೆರೆಗಳಿಗೆ ಅಡ್ಡವಾಗಿ ಕನ್ನಡಿಯನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿ. ಗೆರೆಗಳು ಕನ್ನಡಿಗೆ ತಾಗಿ ಬೇರೆ ಕಡೆ ಹೊರಡುತ್ತವೆ. ಕನ್ನಡಿ ತಿರುಗಿಸಿದಂತೆ ಅವೂ ತಿರುಗುತ್ತವೆ. ಎಷ್ಟು ಓರೆಯಾಗಿ ಬಂದವೋ ಅಷ್ಟೇ ಓರೆಯಾಗಿ ಹೊರಟವು. ದೊಡ್ಡ ತರಗತಿಯ ಪುಸ್ತಕ ಇದನ್ನೇ ‘ಪತನ ಕೋನವು ಪ್ರತಿಫಲನ ಕೋನಕ್ಕೆ ಸಮ’ ಎನ್ನುತ್ತದೆ. ಕನ್ನಡಿಗೆ ಗೊತ್ತಿರುವುದು ಈ ಒಂದೇ ನಿಯಮ. ಮುಂದೆ ಹೇಳುವುದೆಲ್ಲ ಇದರ ಮಕ್ಕಳು, ಮೊಮ್ಮಕ್ಕಳು.

ಗೋಡೆಯಲ್ಲಿ ಮುಖ ಯಾಕೆ ಕಾಣುವುದಿಲ್ಲ?

ಬಿಳಿ ಗೋಡೆಯೂ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಬೇಕಾದಷ್ಟು ಕಳಿಸುತ್ತದೆ. ಹಾಗಿದ್ದರೂ ಅದರಲ್ಲಿ ಮುಖ ಕಾಣುವುದಿಲ್ಲ. ಯಾಕೆ?

ಫಾಯಿಲಿನ ಹೊಳೆಯುವ ಬದಿಯನ್ನು ಮುಖದ ಹತ್ತಿರ ಹಿಡಿಯಿರಿ. ಮಸುಕಾಗಿಯಾದರೂ ನೀವು ಕಾಣುತ್ತೀರಿ. ಈಗ ಅದನ್ನು ಮುದ್ದೆ ಮಾಡಿ, ಮತ್ತೆ ಬಿಡಿಸಿ ನೋಡಿ. ಹೊಳಪು ಇದ್ದೇ ಇದೆ, ನೀವು ಮಾತ್ರ ಮಾಯ! ಫಾಯಿಲು ಅದೇ, ಬೆಳಕೂ ಅದೇ. ಬದಲಾದದ್ದು ನಯ ಮಾತ್ರ.

ನಯವಾದ ನೆಲದ ಮೇಲೆ ಹತ್ತು ಚೆಂಡುಗಳನ್ನು ಒಟ್ಟಿಗೆ ಓರೆಯಾಗಿ ಎಸೆದರೆ ಹತ್ತೂ ಒಂದೇ ಸಾಲಿನಲ್ಲಿ ಪುಟಿಯುತ್ತವೆ. ಜಲ್ಲಿಕಲ್ಲಿನ ಮೇಲೆ ಎಸೆದರೆ ಒಂದೊಂದು ಒಂದೊಂದು ದಿಕ್ಕಿಗೆ ಹಾರುತ್ತದೆ. ಗೋಡೆ ನಮ್ಮ ಕೈಗೆ ನುಣುಪು ಅನ್ನಿಸಬಹುದು, ಆದರೆ ಬೆಳಕಿಗೆ ಅದು ಜಲ್ಲಿಕಲ್ಲು. ನಿಮ್ಮ ಹಣೆಯಿಂದ ಬಂದ ಬೆಳಕು, ಗಲ್ಲದಿಂದ ಬಂದ ಬೆಳಕು ಎಲ್ಲ ಅಲ್ಲಿ ಕಲಸಿಹೋಗುತ್ತದೆ. ಕನ್ನಡಿ ಆ ಸಾಲನ್ನು ಮುರಿಯದೆ ಕಳಿಸುತ್ತದೆ. ಹಾಗಾಗಿ ಹಣೆ ಹಣೆಯ ಜಾಗದಲ್ಲಿ, ಗಲ್ಲ ಗಲ್ಲದ ಜಾಗದಲ್ಲಿ ಉಳಿಯುತ್ತವೆ.

ಕನ್ನಡಿಯ ಗಾಜು ಈ ಕೆಲಸ ಮಾಡುತ್ತಿದೆ ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ನಿಜವಾದ ಕೆಲಸಗಾರ ಗಾಜಿನ ಹಿಂಬದಿಗೆ ಹಚ್ಚಿದ ತೆಳ್ಳನೆಯ ಲೋಹದ ಪದರ. ಅದು ಬೆಳ್ಳಿ ಅಥವಾ ಅಲ್ಯೂಮಿನಿಯಂ. ಗಾಜು ಆ ಪದರಕ್ಕೆ ಸಮತಟ್ಟು ಜಾಗ ಕೊಟ್ಟು, ಗೀರು ಬೀಳದಂತೆ ಕಾಯುತ್ತದೆ. ಬೆರಳ ತುದಿಯನ್ನು ಕನ್ನಡಿಗೆ ಒತ್ತಿ ಬದಿಯಿಂದ ನೋಡಿ. ನಿಮ್ಮ ಬೆರಳಿಗೂ ಒಳಗಿನ ಬೆರಳಿಗೂ ನಡುವೆ ಸಣ್ಣ ಸಂದು ಕಾಣುತ್ತದೆ. ಲೋಹ ಹಿಂದೆ ಇದೆ ಎನ್ನುವುದಕ್ಕೆ ಆ ಸಂದೇ ಸಾಕ್ಷಿ. ಹೊಳೆಯುವ ಹೊಸ ಸ್ಟೀಲ್ ತಟ್ಟೆಗೆ ಬೆರಳಿಟ್ಟರೆ ಎರಡು ಬೆರಳೂ ತಾಗಿಕೊಳ್ಳುತ್ತವೆ. ಅಲ್ಲಿ ಲೋಹವೇ ಮುಂದಿದೆ.

ಗಾಜಿಗೆ ಬೆಳ್ಳಿ ಹಚ್ಚುವ ರಾಸಾಯನಿಕ ವಿಧಾನವನ್ನು ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್ ಕಂಡುಕೊಂಡದ್ದು 1835ರಲ್ಲಿ. ರಜೆಗೆ ಊರಿಗೆ ಹೋದಾಗ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ ದರ್ಪಣ ಸುಂದರಿಯನ್ನು ತೋರಿಸಿ. ವಿಷ್ಣುವರ್ಧನನ ಕಾಲದ ಆ ಗುಡಿ 1117ರದ್ದು. ಆಗ ಕನ್ನಡಿ ಎಂದರೆ ಉಜ್ಜಿ ಉಜ್ಜಿ ಹೊಳಪು ಬರಿಸಿದ ಲೋಹ. ಚೆನ್ನೈ ಕಡೆಯವರು ಕೇರಳಕ್ಕೆ ಹೋದರೆ ಆರನ್ಮುಳದ ಕನ್ನಡಿ ನೋಡಿ ಬನ್ನಿ. ತಾಮ್ರ ಮತ್ತು ತವರ ಬೆರೆಸಿ ಮಾಡುವ ಲೋಹದ ಕನ್ನಡಿ ಅದು, ಇವತ್ತಿಗೂ ಕೈಯಿಂದಲೇ ತಯಾರಾಗುತ್ತದೆ. ಅದರ ಹೆಸರೂ ‘ಆರನ್ಮುಳ ಕಣ್ಣಾಡಿ’. ನಮ್ಮ ಕನ್ನಡಿಗೂ ಅವರ ಕಣ್ಣಾಡಿಗೂ ನಂಟು ಎಷ್ಟು ಹತ್ತಿರ ನೋಡಿ!

ಕನ್ನಡಿಯೊಳಗಿನ ಗಂಟು

ಈಗ ಕನ್ನಡಿಯ ಮುಂದೆ ನಿಂತು ಎರಡು ಹೆಜ್ಜೆ ಹಿಂದೆ ಬನ್ನಿ. ಒಳಗಿನವಳೂ ಎರಡು ಹೆಜ್ಜೆ ಹಿಂದೆ ಹೋದಳು. ಹತ್ತಿರ ಹೋಗಿ, ಅವಳೂ ಬಂದಳು. ಮೂಗು ತಾಗಿಸಿ, ಅವಳೂ ತಾಗಿಸಿದಳು. ನೀವು ಕನ್ನಡಿಯಿಂದ ಎಷ್ಟು ಮುಂದೆ ಇದ್ದೀರೋ ಅವಳು ಅಷ್ಟೇ ಹಿಂದೆ ಇದ್ದಾಳೆ. ಆದರೆ ಕನ್ನಡಿಯ ಹಿಂದೆ ಇರುವುದು ಗೋಡೆ. ಗೋಡೆಯ ಆಚೆ ಪಕ್ಕದ ಮನೆಯವರ ಅಡುಗೆಮನೆ. ಅಲ್ಲಿ ಹೋಗಿ ಹುಡುಕಿದರೆ ನೀವು ಸಿಗುತ್ತೀರಾ?

ಸಿಗುವುದಿಲ್ಲ. ಆಗುವುದು ಇಷ್ಟು: ನಿಮ್ಮ ಮೂಗಿನಿಂದ ಹೊರಟ ಬೆಳಕು ಕನ್ನಡಿಗೆ ತಾಗಿ ತಿರುಗಿ ನಿಮ್ಮ ಕಣ್ಣಿಗೆ ಬಂತು. ದಾರಿಯಲ್ಲಿ ಅದು ತಿರುಗಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಬೆಳಕು ಯಾವಾಗಲೂ ನೇರವಾಗಿ ಬರುತ್ತದೆ ಎಂದೇ ನಮ್ಮ ಮಿದುಳು ನಂಬಿಕೊಂಡಿದೆ. ಹಾಗಾಗಿ ‘ಈ ಬೆಳಕು ಎದುರಿನಿಂದ, ಗಾಜಿನ ಆಚೆಯಿಂದ ಬಂತು’ ಎಂದು ಲೆಕ್ಕ ಹಾಕುತ್ತದೆ. ಆಚೆ ಒಬ್ಬಳು ನಿಂತಿದ್ದಾಳೆ ಎಂದು ತೋರಿಸುತ್ತದೆ.

ಹೀಗೆ ಕಂಡರೂ ಅಲ್ಲಿ ಇಲ್ಲದ ರೂಪಕ್ಕೆ ಪಠ್ಯಪುಸ್ತಕದ ಹೆಸರು ‘ಮಿಥ್ಯ ಪ್ರತಿಬಿಂಬ’. ಮಗುವಿಗೆ ಈ ಪದ ಭಾರವಾದರೆ ಇನ್ನೊಂದು ಮಾತಿದೆ, ನಮ್ಮ ಅಜ್ಜಿಯರು ದಿನವೂ ಆಡುತ್ತಿದ್ದ ಮಾತು: ಕನ್ನಡಿಯೊಳಗಿನ ಗಂಟು. ಕಾಣುತ್ತದೆ, ಕೈಗೆ ಸಿಗುವುದಿಲ್ಲ! ಭೌತಶಾಸ್ತ್ರದ ಒಂದು ಪಾಠ ಆ ನುಡಿಗಟ್ಟಿನಲ್ಲಿ ಪೂರ್ತಿ ಕೂತಿದೆ. ಕನ್ನಡದಲ್ಲಿ ವಿಜ್ಞಾನ ಹೇಳಲು ಪದ ಎಲ್ಲಿದೆ ಎಂದು ಚಿಂತಿಸುವವರು ಮೊದಲು ಮನೆಯ ಹಿರಿಯರ ಮಾತು ಕೇಳಿಸಿಕೊಳ್ಳಬೇಕು.

ಇನ್ನೊಂದು ತಮಾಷೆ. ನೀವು ಕನ್ನಡಿಯಿಂದ ಒಂದೂವರೆ ಮೀಟರ್ ದೂರ ನಿಂತರೆ ಬೆಳಕು ಹೋಗಿ ಬರುವ ದಾರಿ ಮೂರು ಮೀಟರ್. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಈ ಮೂರು ಮೀಟರಿಗೆ ಒಂದು ಸೆಕೆಂಡಿನ 10 ಕೋಟಿ ಪಾಲಿನಲ್ಲಿ ಒಂದು ಪಾಲು ಹಿಡಿಯುತ್ತದೆ. ಅಂದರೆ ಕನ್ನಡಿಯಲ್ಲಿ ಕಾಣುವವಳು ನಿಮಗಿಂತ ಅಷ್ಟು ಚಿಕ್ಕವಳು.

ಹಾಗಾದರೆ ಎಡ-ಬಲ?

ಇನ್ನು ಹೈದರಾಬಾದಿನ ಹುಡುಗಿಯ ಪ್ರಶ್ನೆ. ಕನ್ನಡಿಯ ಎದುರು ನಿಲ್ಲಿ. ನಿಮ್ಮ ಒಂದು ಬದಿಯಲ್ಲಿ ಕಿಟಕಿ ಇದೆ, ಇನ್ನೊಂದು ಬದಿಯಲ್ಲಿ ಬಾಗಿಲು ಇದೆ ಎಂದಿಟ್ಟುಕೊಳ್ಳಿ.

ಕಿಟಕಿಯ ಕಡೆ ಕೈ ಮಾಡಿ. ಒಳಗಿನವಳು ಯಾವ ಕಡೆ ಕೈ ಮಾಡಿದಳು? ಅವಳೂ ಕಿಟಕಿಯ ಕಡೆಗೇ.
ಬಾಗಿಲ ಕಡೆ ಕೈ ಮಾಡಿ. ಅವಳೂ ಬಾಗಿಲ ಕಡೆಗೇ.
ಮೇಲೆ ಫ್ಯಾನಿನ ಕಡೆ ತೋರಿಸಿ. ಅವಳೂ ಮೇಲೆ.
ಕೆಳಗೆ ನೆಲ ತೋರಿಸಿ. ಅವಳೂ ಕೆಳಗೆ.
ಈಗ ನೇರವಾಗಿ ಕನ್ನಡಿಯ ಕಡೆ ಬೆರಳು ತೋರಿಸಿ. ಅವಳು?

ಅವಳು ನಿಮ್ಮ ಕಡೆ ಬೆರಳು ತೋರಿಸುತ್ತಿದ್ದಾಳೆ! ನೀವು ಮುಂದಕ್ಕೆ ತೋರಿಸಿದರೆ ಅವಳು ಹಿಂದಕ್ಕೆ ತೋರಿಸಿದಳು. ಐದು ಸಲದಲ್ಲಿ ದಿಕ್ಕು ತಿರುವುಮುರುವಾದದ್ದು ಈ ಒಂದೇ ಸಲ. ಕನ್ನಡಿ ಮೇಲೆ-ಕೆಳಗೆ ಬದಲಿಸುವುದಿಲ್ಲ, ಎಡ-ಬಲವನ್ನೂ ಬದಲಿಸುವುದಿಲ್ಲ. ಅದು ಬದಲಿಸುವುದು ಹಿಂದೆ-ಮುಂದೆಯನ್ನು ಮಾತ್ರ.

ಮತ್ತೆ ಎಡ-ಬಲ ಬದಲಾದಂತೆ ಯಾಕೆ ಅನ್ನಿಸುತ್ತದೆ? ನಾವು ಮನಸ್ಸಿನಲ್ಲೇ ಕನ್ನಡಿಯ ಹಿಂದೆ ಹೋಗಿ, ಒಂದು ಸುತ್ತು ತಿರುಗಿ, ಅವಳ ಜಾಗದಲ್ಲಿ ನಿಲ್ಲುತ್ತೇವೆ. ಎದುರು ನಿಂತ ಮನುಷ್ಯರನ್ನೆಲ್ಲ ನಾವು ನೋಡುವುದು ಹಾಗೆ. ಅಮ್ಮ ಎದುರಿಗೆ ನಿಂತರೆ ಅಮ್ಮನ ಬಲಗೈ ನಮ್ಮ ಎಡಗೈಯ ಎದುರು ಬರುತ್ತದೆ, ಯಾಕೆಂದರೆ ಅಮ್ಮ ನಮ್ಮ ಕಡೆ ತಿರುಗಿ ನಿಂತಿದ್ದಾಳೆ. ಕನ್ನಡಿಯೊಳಗಿನವಳು ತಿರುಗಿ ನಿಂತವಳಲ್ಲ. ಅವಳನ್ನು ನಾವು ತಿರುಗಿ ನಿಂತವಳು ಎಂದು ಭಾವಿಸಿದ ಕೂಡಲೇ ‘ಅಯ್ಯೋ, ಕೈ ಅದಲುಬದಲಾಗಿದೆ’ ಅನ್ನಿಸುತ್ತದೆ.

ಇಷ್ಟು ಹೇಳಿದರೂ ಒಬ್ಬ ಜಾಣ ಕೇಳಿಯೇ ಕೇಳುತ್ತಾನೆ: “ಹಾಗಾದ್ರೆ ನನ್ನ ಪುಸ್ತಕದ ಅಕ್ಷರ ಯಾಕೆ ಉಲ್ಟಾ ಕಾಣುತ್ತೆ ಅಜ್ಜಿ?” ಇದಕ್ಕೆ ಪ್ಲಾಸ್ಟಿಕ್ ಹಾಳೆ ಬೇಕು. ಅದರ ಮೇಲೆ ಮಾರ್ಕರಿನಲ್ಲಿ ದಪ್ಪಕ್ಕೆ ‘ಅಮ್ಮ’ ಎಂದು ಬರೆಯಿರಿ. ನಿಮಗೆ ಓದಲು ಬರುವಂತೆ ಎದೆಯ ಮುಂದೆ ಹಿಡಿದುಕೊಂಡು ಕನ್ನಡಿ ನೋಡಿ. ಕನ್ನಡಿಯಲ್ಲೂ ‘ಅಮ್ಮ’ ಸರಿಯಾಗಿಯೇ ಇದೆ! ಇನ್ನು ಅದನ್ನೇ ಕಾಗದದ ಮೇಲೆ ಬರೆದು ಕನ್ನಡಿಗೆ ತೋರಿಸಿ. ತೋರಿಸಬೇಕಾದರೆ ಕಾಗದವನ್ನು ಪುಟ ಮಗುಚಿದ ಹಾಗೆ ಪಕ್ಕಕ್ಕೆ ತಿರುಗಿಸಲೇಬೇಕು. ಎಡ-ಬಲ ಬದಲಾದದ್ದು ಆಗಲೇ, ನಿಮ್ಮ ಕೈಯಲ್ಲೇ. ನಂಬಿಕೆ ಬರದಿದ್ದರೆ ಕಾಗದವನ್ನು ಗೋಡೆಯ ಕ್ಯಾಲೆಂಡರಿನ ಹಾಳೆಯಂತೆ ಕೆಳಗಿನಿಂದ ಮೇಲಕ್ಕೆ ಮಗುಚಿ ತೋರಿಸಿ. ಈಗ ಅಕ್ಷರ ತಲೆಕೆಳಗಾಗಿ ಕಾಣುತ್ತದೆ. ನಾವು ಹೇಗೆ ತಿರುಗಿಸಿದೆವೋ ಹಾಗೆ ಕಂಡಿತು. ಕನ್ನಡಿಯ ತಪ್ಪೇನೂ ಇಲ್ಲ, ಪಾಪ.

ಆಂಬುಲೆನ್ಸಿನ ಮುಂಭಾಗದಲ್ಲಿ ಅದರ ಹೆಸರನ್ನು ಉಲ್ಟಾ ಬರೆದಿರುವುದು ಇದಕ್ಕೇ. ಮುಂದಿನ ಗಾಡಿಯ ಡ್ರೈವರ್ ಅದನ್ನು ನೋಡುವುದು ತನ್ನ ಕನ್ನಡಿಯಲ್ಲಿ. ಅಲ್ಲಿ ಅದು ನೇರವಾಗಿ ಓದಿಸಿಕೊಳ್ಳುತ್ತದೆ, ಅವನು ದಾರಿ ಬಿಡುತ್ತಾನೆ.

ತಲೆ ಕೆಳಗೆ, ಕಾಲು ಮೇಲೆ ಕಾಣಿಸುವ ಕನ್ನಡಿ ಇಲ್ಲವೇ ಇಲ್ಲವೇ? ಇದೆ. ಕನ್ನಡಿಯನ್ನು ನೆಲದ ಮೇಲೆ ಮಲಗಿಸಿ, ಪಕ್ಕದಲ್ಲಿ ಒಂದು ಗೊಂಬೆ ನಿಲ್ಲಿಸಿ ನೋಡಿ. ಈಗ ಕನ್ನಡಿಗೆ ‘ಹಿಂದೆ-ಮುಂದೆ’ ಎಂದರೆ ನಮ್ಮ ‘ಮೇಲೆ-ಕೆಳಗೆ’. ಕೆರೆಯ ನೀರಿನಲ್ಲಿ ತೆಂಗಿನಮರ ತಲೆಕೆಳಗಾಗಿ ನಿಲ್ಲುವುದೂ ಹೀಗೆಯೇ.

ನಮ್ಮ ಊರುಗಳ ಎರಡು ಕನ್ನಡಿಗಳು

ದೊಡ್ಡ ಊರಿನ ಮಕ್ಕಳಿಗೆ ಕೆರೆ ಕಾಣಸಿಗುವುದು ಅಪರೂಪ. ಕಿಟಕಿ ಮಾತ್ರ ಎಲ್ಲೆಲ್ಲೂ ಇದೆ. ಮುಂಬಯಿಯಿಂದ ಪುಣೆಗೆ ಹೋಗುವ ರೈಲು ಖಂಡಾಳಾ ಘಾಟಿನ ಸುರಂಗ ಹೊಕ್ಕಾಗ, ಅಥವಾ ದೆಹಲಿಯ ಮೆಟ್ರೊ ನೆಲದಡಿಗೆ ಇಳಿದಾಗ ಕಿಟಕಿ ನೋಡಿ. ಅಲ್ಲಿಯವರೆಗೆ ಹೊರಗಿನ ನೋಟ ತೋರಿಸುತ್ತಿದ್ದ ಗಾಜು ಇದ್ದಕ್ಕಿದ್ದಂತೆ ನಮ್ಮ ಮುಖ ತೋರಿಸುತ್ತದೆ. ಗಾಜು ಬದಲಾಗಲಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಎಂಟು ಪಾಲನ್ನು ಗಾಜು ಯಾವಾಗಲೂ ಹಿಂದಕ್ಕೆ ಕಳಿಸುತ್ತದೆ. ಹೊರಗೆ ಬಿಸಿಲಿದ್ದಾಗ ಆ ಎಂಟು ಪಾಲು ಕಣ್ಣಿಗೆ ಬೀಳುವುದಿಲ್ಲ, ಹಗಲಿನಲ್ಲಿ ನಕ್ಷತ್ರ ಕಾಣದ ಹಾಗೆ. ಹೊರಗೆ ಕತ್ತಲಾದಾಗ ಅದೇ ಎದ್ದು ಕಾಣುತ್ತದೆ. ರಾತ್ರಿ ದೀಪ ಹಚ್ಚಿದ ಮನೆಯ ಕಿಟಕಿಯಲ್ಲಿ ನಮಗೆ ನಾವೇ ಕಾಣುತ್ತೇವೆ, ಎದುರು ಬಿಲ್ಡಿಂಗಿನವರಿಗೆ ಮಾತ್ರ ನಮ್ಮ ಮನೆಯೆಲ್ಲ ಕಾಣುತ್ತದೆ. ಪರದೆ ಎಳೆಯಿರಿ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಎರಡನೆಯದು ಚಿಕ್ಕ ಮನೆಗೊಂದು ಲೆಕ್ಕ. ತಲೆಯಿಂದ ಕಾಲಿನವರೆಗೆ ಕಾಣಬೇಕಾದರೆ ಆಳೆತ್ತರದ ಕನ್ನಡಿ ಬೇಕಾಗಿಲ್ಲ. ಎತ್ತರದ ಅರ್ಧ ಸಾಕು. ಕಾಲಿನಿಂದ ಬಂದ ಬೆಳಕು ಕಣ್ಣಿಗೂ ಕಾಲಿಗೂ ನಡುಮಧ್ಯದಲ್ಲಿ ಕನ್ನಡಿಗೆ ತಾಗಿ ತಿರುಗುತ್ತದೆ. ಅದಕ್ಕಿಂತ ಕೆಳಗಿನ ಕನ್ನಡಿ ನಿಮಗೆ ಕೆಲಸಕ್ಕೆ ಬರುವುದಿಲ್ಲ. 120 ಸೆಂಟಿಮೀಟರ್ ಎತ್ತರದ ಮಗುವಿಗೆ ಸರಿಯಾದ ಮಟ್ಟದಲ್ಲಿ ತೂಗುಹಾಕಿದ 60 ಸೆಂಟಿಮೀಟರಿನ ಕನ್ನಡಿ ಸಾಕು. ಹಿಂದೆ ಸರಿದರೆ ಹೆಚ್ಚು ಕಾಣುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನೇರವಾಗಿ ನಿಲ್ಲಿಸಿದ ಚಪ್ಪಟೆ ಕನ್ನಡಿಯಲ್ಲಿ ಹತ್ತು ಹೆಜ್ಜೆ ಹಿಂದೆ ಹೋದರೂ ನಿಮ್ಮ ಮೈ ಅಷ್ಟೇ ಕಾಣುತ್ತದೆ. ಕನ್ನಡಿಯ ಅಂಚಿಗೆ ಕಾಗದ ಅಂಟಿಸಿ ಪರೀಕ್ಷೆ ಮಾಡಿ ನೋಡಿ.

ಎರಡು ಕಡೆಯ ರಸ್ತೆ

ಈಗ ಬಿಡಬಾರದ ಭಾಗಕ್ಕೆ ಬಂದೆವು. ಒಂದು ಆಟ ಆಡೋಣ. ಗೋಡೆಯ ಕನ್ನಡಿಯ ಒಂದು ಬದಿಗೆ ಅಣ್ಣ, ಇನ್ನೊಂದು ಬದಿಗೆ ತಂಗಿ, ಇಬ್ಬರೂ ಓರೆಯಾಗಿ ನಿಲ್ಲಲಿ. ಒಬ್ಬರನ್ನೊಬ್ಬರು ನೇರವಾಗಿ ನೋಡಬಾರದು, ಕನ್ನಡಿಯಲ್ಲಿ ಮಾತ್ರ. ನಿಧಾನವಾಗಿ ಸರಿಯುತ್ತಾ ಹೋಗಿ. ಅಣ್ಣನಿಗೆ ತಂಗಿಯ ಕಣ್ಣು ಕಂಡ ಕೂಡಲೇ “ಕಂಡೆ” ಅನ್ನಲಿ. ತಂಗಿಯೂ ಹಾಗೇ ಅನ್ನಲಿ. ಏನಾಯಿತು? ಇಬ್ಬರೂ ಒಟ್ಟಿಗೇ ಕೂಗಿದಿರಿ, ಅಲ್ಲವೇ? ಎಷ್ಟು ಸಲ ಆಡಿದರೂ ಹಾಗೇ ಆಗುತ್ತದೆ.

ಯಾಕೆಂದರೆ ಬೆಳಕಿನ ದಾರಿ ಒನ್‌ವೇ ಅಲ್ಲ. ತಂಗಿಯ ಕಣ್ಣಿನಿಂದ ಕನ್ನಡಿಗೆ, ಕನ್ನಡಿಯಿಂದ ಅಣ್ಣನ ಕಣ್ಣಿಗೆ ದಾರಿ ಇದ್ದರೆ, ಅದೇ ದಾರಿಯಲ್ಲಿ ಅಣ್ಣನಿಂದ ತಂಗಿಗೂ ಬೆಳಕು ಬರುತ್ತದೆ. ಬಂದಷ್ಟೇ ಓರೆಯಾಗಿ ಹೊರಡಬೇಕು ಎಂಬ ಮೊದಲಿನ ನಿಯಮವನ್ನು ಹಿಂದುಮುಂದಾಗಿ ಓದಿದರೂ ಅದೇ ನಿಯಮ. ಕನ್ನಡಿಯಲ್ಲಿ ನಿನಗೆ ನನ್ನ ಕಣ್ಣು ಕಂಡರೆ ನನಗೂ ನಿನ್ನ ಕಣ್ಣು ಕಾಣಬಲ್ಲದು. ಕಾಣದಿದ್ದರೆ ಇಬ್ಬರಿಗೂ ಕಾಣುವುದಿಲ್ಲ.

ಈಗ ಕೆಳಗೆ ಪಾರ್ಕಿಂಗಿಗೆ ಇಳಿಯೋಣ. ನಮ್ಮ ಮಕ್ಕಳಿಗೆ ಅಂಗಳವಿಲ್ಲ, ಪಾರ್ಕಿಂಗೇ ಅಂಗಳ. ಅಲ್ಲಿ ಕಾರು, ನೀರಿನ ಟ್ಯಾಂಕರು, ಸಾಮಾನು ತರುವ ಟೆಂಪೊ, ಶಾಲೆಯ ಬಸ್ಸು. ಇವು ಹಿಂದಕ್ಕೆ ಬರುವಾಗ ಡ್ರೈವರಿಗೆ ಕನ್ನಡಿಯೇ ಮುಖ್ಯ ಆಧಾರ. ಅವನಿಗೆ ನೀವು ಕಾಣುತ್ತಿದ್ದೀರೋ ಇಲ್ಲವೋ ನಿಮಗೆ ಹೇಗೆ ಗೊತ್ತಾಗಬೇಕು? ಅದೇ ಆಟದ ನಿಯಮ: ಗಾಡಿಯ ಕನ್ನಡಿ ನೋಡಿ. ಅದರಲ್ಲಿ ಡ್ರೈವರಿನ ಮುಖ, ಕಣ್ಣು ನಿಮಗೆ ಕಾಣುತ್ತಿಲ್ಲ ಎಂದರೆ ಆ ಕನ್ನಡಿಯಲ್ಲಿ ಅವನಿಗೂ ನೀವು ಕಾಣುತ್ತಿಲ್ಲ. ಅವನು ಎಷ್ಟೇ ಒಳ್ಳೆಯವನಾಗಿರಲಿ, ಎಷ್ಟೇ ಎಚ್ಚರದಿಂದಿರಲಿ, ಕಾಣುವುದಿಲ್ಲ ಎಂದರೆ ಕಾಣುವುದಿಲ್ಲ. ತಕ್ಷಣ ಅಲ್ಲಿಂದ ದೂರ ಬನ್ನಿ.

ಇದಕ್ಕೆ ಒಂದು ಕೊಂಡಿ ಸೇರಿಸಲೇಬೇಕು. ಅವನ ಕಣ್ಣು ನಿಮಗೆ ಕಂಡಿತು ಎಂದರೆ ಅವನಿಗೆ ನೀವು ಕಾಣಬಲ್ಲಿರಿ ಎಂದಷ್ಟೇ ಅರ್ಥ, ಅವನು ನೋಡುತ್ತಿದ್ದಾನೆ ಎಂದಲ್ಲ. ಅವನು ಮೊಬೈಲ್ ನೋಡುತ್ತಿರಬಹುದು, ಇನ್ನೊಂದು ಬದಿಯ ಕನ್ನಡಿ ನೋಡುತ್ತಿರಬಹುದು. ಹಾಗಾಗಿ ಕಣ್ಣು ಕಂಡರೂ ಗಾಡಿಯ ಹಿಂದೆ ನಿಲ್ಲಬಾರದು. ಈ ನಿಯಮ ಅಪಾಯವನ್ನು ಗುರುತಿಸುವುದಕ್ಕೆ, ಧೈರ್ಯ ಮಾಡುವುದಕ್ಕಲ್ಲ.

ಸ್ಟೀಲ್ ಚಮಚ ಈಗ ಬೇಕು. ಅದರ ಉಬ್ಬಿದ ಬೆನ್ನಿನಲ್ಲಿ ಮುಖ ನೋಡಿಕೊಳ್ಳಿ. ಮುಖ ಚಿಕ್ಕದಾಯಿತು, ಆದರೆ ಅರ್ಧ ಕೋಣೆ ಅದರಲ್ಲಿ ಹಿಡಿಸಿತು. ಗಾಡಿಗಳ ಹೊರಗಿನ ಕನ್ನಡಿ ಸಾಮಾನ್ಯವಾಗಿ ಹೀಗೆ ಸ್ವಲ್ಪ ಉಬ್ಬಿರುತ್ತದೆ. ಹೆಚ್ಚು ಜಾಗ ಕಾಣಲಿ ಎಂದು ಹಾಗೆ ಮಾಡಿರುತ್ತಾರೆ. ಬದಲಿಗೆ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ, ಚಿಕ್ಕದಾಗಿ ಕಂಡದ್ದು ದೂರ ಇದೆ ಅನ್ನಿಸುತ್ತದೆ. ಕನ್ನಡಿಯಲ್ಲಿ ಕಾಣುವ ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ ಎಂದು ಅನೇಕ ಕಾರುಗಳ ಕನ್ನಡಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿರುವುದು ಇದಕ್ಕೆ. ಡ್ರೈವರಿಗೆ ನೀವು ಕಂಡರೂ ‘ಇನ್ನೂ ದೂರ ಇದ್ದಾನೆ’ ಅನ್ನಿಸಬಹುದು. ದೂರ ನಿಲ್ಲಲು ಇದೂ ಒಂದು ಕಾರಣ.

ಅಪ್ಪ-ಅಮ್ಮಂದಿರಿಗೆ ಒಂದು ಕೆಲಸ. ಭಾನುವಾರ ಬೆಳಿಗ್ಗೆ ನಿಂತ ಕಾರಿನಲ್ಲಿ ಮಗುವನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ. ಎಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಕೀಲಿ ನಿಮ್ಮ ಕಿಸೆಯಲ್ಲಿರಲಿ, ಮಗುವಿನ ಪಕ್ಕದ ಸೀಟಿನಲ್ಲಿ ಇನ್ನೊಬ್ಬ ದೊಡ್ಡವರು ಕೂತಿರಲಿ. ಮಗುವಿಗೆ ಕಾಣುವಂತೆ ಕನ್ನಡಿಗಳನ್ನು ಹೊಂದಿಸಿ. ನೀವು ಕಾರಿನ ಸುತ್ತ ನಿಧಾನವಾಗಿ ನಡೆಯಿರಿ. “ನಾನು ಕಾಣ್ತಿದ್ದೀನಾ?” ಎಂದು ಕೇಳುತ್ತಾ ಹೋಗಿ. ಹಿಂದಿನ ಚಕ್ರದ ಹತ್ತಿರ ಒಮ್ಮೆ, ಬಂಪರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಒಮ್ಮೆ ಕೇಳಿ. ಅಪ್ಪ ಅಷ್ಟು ದೊಡ್ಡವರು, ಅವರೇ ಕನ್ನಡಿಯಿಂದ ಮಾಯವಾದರು ಎಂದು ಮಗು ತಾನೇ ಕಂಡರೆ, ‘ಗಾಡಿ ಹಿಂದೆ ಹೋಗಬೇಡ’ ಎಂದು ನೂರು ಸಲ ಗದರಿದ್ದಕ್ಕಿಂತ ಹೆಚ್ಚು ನಾಟುತ್ತದೆ. ಆಮೇಲೆ ನೀವು ಸೀಟಿನಲ್ಲಿ ಕೂತು, ಇನ್ನೊಬ್ಬ ದೊಡ್ಡವರ ಕೈ ಹಿಡಿದು ಮಗು ಸುತ್ತ ನಡೆಯಲಿ. ಆಗ ನಾಟುವುದು ನಿಮಗೆ. ಮೂರು ಅಡಿಯ ಮಗು ಎಷ್ಟು ಬೇಗ ಮಾಯವಾಗುತ್ತದೆ ಎಂದು ನೋಡಿದವರು ಗಾಡಿಯ ಹಿಂದೆ ಒಮ್ಮೆ ನಡೆದು ನೋಡದೆ ರಿವರ್ಸ್ ಹಾಕುವುದಿಲ್ಲ.

ನಮ್ಮ ಸೊಸೈಟಿಯಲ್ಲಿ ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳಿಗೆ ಈ ಆಟ ಆಡಿಸಿದೆ. ಅಂದಿನಿಂದ ಅವರಲ್ಲಿ ಒಂದು ಘೋಷಣೆ ಹುಟ್ಟಿದೆ. ಟೆಂಪೊ ಬಂದ ಕೂಡಲೇ ದೊಡ್ಡವರು ಚಿಕ್ಕವರಿಗೆ ಕೂಗಿ ಹೇಳುತ್ತಾರೆ: “ಕಣ್ಣು ಕಾಣ್ತಾ? ಇಲ್ಲ! ಓಡು!” ಅದರಲ್ಲಿ ಮರಾಠಿ ಮಕ್ಕಳೂ ಇದ್ದಾರೆ, ತಮಿಳು ಮಕ್ಕಳೂ ಇದ್ದಾರೆ. ಕನ್ನಡದಲ್ಲೇ ಕೂಗುತ್ತಾರೆ.

ಎರಡು ಎಚ್ಚರಿಕೆಯ ಮಾತು. ಕನ್ನಡಿಯಿಂದ ಬಿಸಿಲನ್ನು ಯಾರ ಕಣ್ಣಿಗೂ, ನಡೆಯುವ ಗಾಡಿಯ ಕಡೆಗೂ ಹಾಯಿಸಬೇಡಿ. ಚಿಕ್ಕ ಮಕ್ಕಳ ಕೈಗೆ ಅಂಚು ಹರಿತವಾದ ಬರಿಗಾಜು ಕೊಡಬೇಡಿ, ಚೌಕಟ್ಟಿರುವ ಕನ್ನಡಿಯೇ ಇರಲಿ.

ಮುಂದಿನ ತಿಂಗಳಿಗೆ

ಎರಡು ಚಪ್ಪಟೆ ಕನ್ನಡಿಗಳನ್ನು ಪುಸ್ತಕ ಅರ್ಧ ತೆರೆದ ಹಾಗೆ, ಮೂಲೆ ಸರಿಯಾಗಿ ಚೌಕವಾಗುವಂತೆ ಜೋಡಿಸಿ ನಿಲ್ಲಿಸಿ. ನಡುವೆ ಒಂದು ನಾಣ್ಯ ಇಡಿ. ನಿಜವಾದ ನಾಣ್ಯ ಬಿಟ್ಟು ಇನ್ನೆಷ್ಟು ಕಾಣುತ್ತವೆ ಎಣಿಸಿ. ಪುಸ್ತಕ ಇನ್ನಷ್ಟು ಮುಚ್ಚಿದಂತೆ ನಾಣ್ಯಗಳು ಹೆಚ್ಚುತ್ತವೋ ಕಡಿಮೆಯಾಗುತ್ತವೋ? ಆಮೇಲೆ ಮೂಲೆಯನ್ನು ಮತ್ತೆ ಚೌಕ ಮಾಡಿ, ಎರಡೂ ಕನ್ನಡಿ ಕೂಡುವ ಗೆರೆಯಲ್ಲಿ ನಿಮ್ಮ ಮುಖ ನೋಡಿಕೊಳ್ಳಿ. ಬಲಗಣ್ಣು ಮುಚ್ಚಿ. ಅಲ್ಲಿರುವವಳು ಯಾವ ಕಣ್ಣು ಮುಚ್ಚಿದಳು?

ಇಂಥದೇ ಮೂಲೆಯನ್ನು ಮೂರು ಕನ್ನಡಿಗಳಿಂದ ಮಾಡಿದರೆ, ಯಾವ ಕಡೆಯಿಂದ ಬಂದ ಬೆಳಕೂ ಬಂದ ಕಡೆಗೇ ಹಿಂದಿರುಗುತ್ತದೆ. ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರಿನಲ್ಲಿ ಇಂಥ ಪುಟ್ಟ ಪುಟ್ಟ ಮೂಲೆಗಳೇ ತುಂಬಿವೆ. 1969ರಲ್ಲಿ ಅಪೊಲೊ 11ರವರು ಇಂಥ ಮೂಲೆಗಳ ಒಂದು ಫಲಕವನ್ನು ಚಂದ್ರನ ಮೇಲೆ ಇಟ್ಟು ಬಂದರು. 2023ರಲ್ಲಿ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನ ಜೊತೆಗೂ ನಾಸಾದ ಒಂದು ಪುಟ್ಟ ಪ್ರತಿಫಲಕ ಹೋಯಿತು. ಅವು ಅಲ್ಲಿ ಮಾಡುವ ಕೆಲಸವೇನು ಎಂದು ಮುಂದಿನ ತಿಂಗಳು ನೋಡೋಣ.

ಅಲ್ಲಿಯವರೆಗೆ ನಾಣ್ಯ ಎಣಿಸಿ, ಯಾವ ಕಣ್ಣು ಎಂದು ಬರೆದು ಕಳಿಸಿ. ಉತ್ತರ ಕನ್ನಡದಲ್ಲಿರಲಿ. ಅಕ್ಷರ ಬಾರದ ಮಕ್ಕಳು ಅಪ್ಪ-ಅಮ್ಮನ ಕೈಲಿ ಬರೆಸಬಹುದು, ಆದರೆ ಎಣಿಸುವುದು ಮಾತ್ರ ನೀವೇ.